ಕವಣೆ ಹೊಡೆಯುವ ಸುರಕ್ಷಿತ ಕ್ರಮ: ಪೆಟ್ಟಿಗೆ ಕಟ್ಟುವುದರಿಂದ ಗುಂಡು ಬಿಡುವವರೆಗೆ

ಕವಣೆ ಕೈಗೆ ಬಂದ ಕೂಡಲೇ ಹೆಚ್ಚಿನವರು ಮಾಡುವುದು ಒಂದೇ ಕೆಲಸ. ಒಂದು ಕಲ್ಲು ಹೆಕ್ಕಿ, ರಬ್ಬರ್ ಎಳೆದು, ಎದುರಿಗೆ ಕಂಡ ಡಬ್ಬಕ್ಕೋ ಮರಕ್ಕೋ ಬಿಟ್ಟು ನೋಡುತ್ತಾರೆ. ಆಮೇಲೆ ಬರುವ ದೂರುಗಳೂ ಒಂದೇ ಥರ. ಹೆಬ್ಬೆರಳಿಗೆ ಏಟು ಬಿತ್ತು. ಗುಂಡು ಪುಟಿದು ಮೊಣಕಾಲಿಗೆ ಬಡಿಯಿತು. ರಬ್ಬರ್ ಹರಿದು ಕೆನ್ನೆಗೆ ಹೊಡೆಯಿತು.

ಈ ಮೂರರಲ್ಲೂ ಪೆಟ್ಟು ತಿಂದವರು ಎದುರಿಗೆ ಇದ್ದವರಲ್ಲ, ಹೊಡೆದವರೇ. ಗುಂಡು ಮುಂದೆ ಹೋಗಿ ಯಾರಿಗೆ ತಾಗುತ್ತದೋ ಎಂಬ ಭಯ ಎಲ್ಲರಿಗೂ ಇರುತ್ತದೆ, ಇರಲೇಬೇಕು. ಆದರೆ ಹಿಂದಕ್ಕೆ ಏನು ಬರಬಹುದು ಅಂತ ಯೋಚಿಸುವವರು ಕಡಿಮೆ. ಕೆಳಗಿನ ಹಂತಗಳನ್ನು ಎರಡೂ ಕಡೆಯ ಅಪಾಯ ನೋಡಿಕೊಂಡು ಜೋಡಿಸಿದೆ. ಹಾಗಾಗಿ ಕ್ರಮ ಬದಲಿಸಬೇಡಿ. ರಬ್ಬರ್ ಎಳೆಯುವ ಮಾತು 6ನೇ ಹಂತದಲ್ಲಿ ಬರುತ್ತದೆ. ಅಲ್ಲಿಯವರೆಗೆ ತಾಳ್ಮೆ ಇರಲಿ.

ಒಂದು ವಿಷಯ ಮೊದಲೇ ವಿಚಾರಿಸಿಕೊಳ್ಳಿ: ನೀವಿರುವ ಕಡೆ ಕಾನೂನು ಏನು ಹೇಳುತ್ತದೆ? ಮುಂಗೈಗೆ ಆನಿಸುವ ಆಧಾರ ಇರುವ ಕವಣೆಯನ್ನು ಜರ್ಮನಿಯಲ್ಲೂ ಅಮೆರಿಕದ ನ್ಯೂಯಾರ್ಕ್ ರಾಜ್ಯದಲ್ಲೂ ನಿಷೇಧಿಸಿದ್ದಾರೆ. ಇನ್ನು ಕೆಲವು ಕಡೆ ಕವಣೆ ಇಟ್ಟುಕೊಳ್ಳಬಹುದು, ಆದರೆ ಸಾರ್ವಜನಿಕ ಜಾಗದಲ್ಲಿ ಹೊಡೆಯುವಂತಿಲ್ಲ. ಆಟದ ಸಾಮಾನಿನ ಅಂಗಡಿಯಲ್ಲಿ ಸಿಕ್ಕಿತು ಅಂದ ಮಾತ್ರಕ್ಕೆ ಎಲ್ಲೆಂದರಲ್ಲಿ ಬಳಸಬಹುದು ಅಂತಲ್ಲ.

## 1. ಸಾಮಾನು ಹೊಂದಿಸಿಕೊಳ್ಳಿ

ಕನ್ನಡಕ. ಇದಿಲ್ಲದೆ ಮುಂದಿನ ಸಾಲು ಓದುವುದೇ ಬೇಡ. ಸಾಧಾರಣ ಕವಣೆಯಿಂದ ಹೊರಟ ಗುಂಡು ಸೆಕೆಂಡಿಗೆ 50 ಮೀಟರ್ ವೇಗವನ್ನು ಸುಲಭವಾಗಿ ಮುಟ್ಟುತ್ತದೆ. ಅಂದರೆ ಗಂಟೆಗೆ 180 ಕಿಲೋಮೀಟರ್. ಅದು ಪುಟಿದು ಅರ್ಧ ವೇಗದಲ್ಲಿ ಬಂದರೂ ಕಣ್ಣು ಹೋಗಬಹುದು. ಓದುವ ಕನ್ನಡಕ, ತಂಪು ಕನ್ನಡಕ ಇದಕ್ಕೆ ಆಗುವುದಿಲ್ಲ. ಅವು ಒಡೆದರೆ ಚೂರುಗಳೇ ಕಣ್ಣಿಗೆ ಹೋಗುತ್ತವೆ.

ಪಾಲಿಕಾರ್ಬೊನೇಟ್ ಎಂಬ ಗಟ್ಟಿ ಪ್ಲಾಸ್ಟಿಕ್ಕಿನ ಸುರಕ್ಷತಾ ಕನ್ನಡಕ ಬೇಕು. ಅದರ ಮೇಲೆ ಅಮೆರಿಕದ ಆನ್ಸಿ ಝಡ್87.1 ಅಥವಾ ಯುರೋಪಿನ ಇಎನ್ 166 ಮಾನದಂಡದ ಗುರುತು ಇರಲಿ. ಇಎನ್ 166ರಲ್ಲಿ ಎಫ್ ಅಕ್ಷರ ಇದ್ದರೆ 6 ಮಿಲಿಮೀಟರ್ ಉಕ್ಕಿನ ಗುಂಡು ಸೆಕೆಂಡಿಗೆ 45 ಮೀಟರ್ ವೇಗದಲ್ಲಿ ಬಡಿದರೂ ತಡೆಯುತ್ತದೆ. ಬಿ ಅಕ್ಷರ ಇದ್ದರೆ ಅದೇ ಗುಂಡನ್ನು 120 ಮೀಟರ್ ವೇಗದವರೆಗೆ ತಡೆಯುತ್ತದೆ. ಕವಣೆಯ ಲೆಕ್ಕಕ್ಕೆ ಎಫ್ ಸಾಲದು, ಬಿ ಇರುವುದನ್ನೇ ಹುಡುಕಿ. ಪಕ್ಕದಿಂದ ಬರುವುದನ್ನೂ ತಡೆಯುವ ಹಾಗೆ ಅಂಚು ಮುಚ್ಚಿರಬೇಕು. ನಂಬರ್ ಕನ್ನಡಕ ಹಾಕುವವರಿಗೆ ಅದರ ಮೇಲೇ ಕೂರುವ ಗಾಗಲ್ಸ್ ಸಿಗುತ್ತವೆ.

ಕವೆ. ಮರದ ಕೊಂಬೆಯ ಕವೆಯಾದರೆ ಚೆನ್ನಾಗಿ ಒಣಗಿರಬೇಕು. ಎರಡು ಕವಲು ಕೂಡುವ ಜಾಗದಲ್ಲಿ ಕೂದಲೆಳೆಯಷ್ಟು ಬಿರುಕು ಕಂಡರೂ ಎಸೆದುಬಿಡಿ. ಹಲಗೆಯಿಂದ ಕೊರೆಯುವವರು ಒಂದೇ ಪದರದ ಮರ ತೆಗೆದುಕೊಳ್ಳಬೇಡಿ. ಅದು ನಾರಿನ ದಿಕ್ಕಿಗೆ ಸೀಳುತ್ತದೆ, ಸೀಳಿದ ಕವಲು ನೇರ ಮುಖಕ್ಕೆ ಬರುತ್ತದೆ. ಹಲವು ಪದರದ ಒಳ್ಳೆ ಪ್ಲೈವುಡ್ ಪರವಾಗಿಲ್ಲ. ಅಂಗಡಿಯಲ್ಲಿ ಸಿಗುವ ಹೊಳಪಿನ ಅಗ್ಗದ ಎರಕದ ಲೋಹದ ಕವಣೆಗಳ ಬಗ್ಗೆ ನನಗೆ ನಂಬಿಕೆ ಇಲ್ಲ. ಒಳಗೆ ಗಾಳಿಗುಳ್ಳೆ ಇದ್ದರೆ ಹೊರಗೆ ಕಾಣುವುದಿಲ್ಲ, ಮುರಿಯುವಾಗ ಮುನ್ಸೂಚನೆಯನ್ನೂ ಕೊಡುವುದಿಲ್ಲ.

ಹಿಡಿಯ ತುದಿಯಲ್ಲಿ ತೂತಿದ್ದರೆ ಗಟ್ಟಿ ದಾರದ ಕುಣಿಕೆ ಹಾಕಿ ಮಣಿಕಟ್ಟಿಗೆ ಸಿಕ್ಕಿಸಿಕೊಳ್ಳಿ. ಬೆವರಿದ ಕೈಯಿಂದ ಕವಣೆ ಜಾರಿದರೆ ಅದು ಕೆಳಗೆ ಬೀಳುವುದಿಲ್ಲ, ಎಳೆದ ರಬ್ಬರಿನ ಜೊತೆ ನಿಮ್ಮ ಮುಖಕ್ಕೆ ಹಾರುತ್ತದೆ.

ಗುಂಡು. ಕಲ್ಲು ಬೇಡ. ಒಂದೊಂದು ಕಲ್ಲಿಗೆ ಒಂದೊಂದು ಆಕಾರ, ಒಂದೊಂದು ತೂಕ. ಎಲ್ಲಿಗೆ ಹೋಗುತ್ತದೆ ಎಂದು ಯಾರೂ ಹೇಳಲಾರರು. ಗೋಲಿ ಒಡೆದು ಚೂರಾಗುತ್ತದೆ. ಸೀಸ ವಿಷ, ಕೈಯಲ್ಲಿ ಮುಟ್ಟುತ್ತಾ ಆಡುವ ವಸ್ತುವಲ್ಲ. ಹೊಸಬರಿಗೆ 8 ಮಿಲಿಮೀಟರಿನ ಉಕ್ಕಿನ ಗುಂಡು ಸರಿ. ಒಂದಕ್ಕೆ ಸುಮಾರು 2 ಗ್ರಾಂ ತೂಕ. ಸಾಧಾರಣ ಕಾರ್ಬನ್ ಸ್ಟೀಲ್ ಆದರೆ ಆಯಸ್ಕಾಂತ ಹಿಡಿದು ಎಲ್ಲ ಗುಂಡು ಹೆಕ್ಕಬಹುದು. ಬಯಲಲ್ಲಿ ಹೊಡೆಯುವವರು ಒಣ ಮಣ್ಣಿನ ಗುಂಡು ಬಳಸಬಹುದು. ಗಟ್ಟಿ ಜಾಗಕ್ಕೆ ಬಡಿದರೆ ಅದು ಪುಡಿಯಾಗುತ್ತದೆ, ಪುಟಿಯುವುದು ಕಡಿಮೆ.

ರಬ್ಬರ್ ಮತ್ತು ತೊಗಲು. ಚಪ್ಪಟೆ ಲ್ಯಾಟೆಕ್ಸ್ ಪಟ್ಟಿ, 0.5 ಮಿಲಿಮೀಟರ್ ದಪ್ಪದ್ದು. ತೊಗಲು ಅಂದರೆ ಎರಡು ಪಟ್ಟಿಯ ನಡುವೆ ಗುಂಡು ಇಡುವ ಚರ್ಮದ ತುಂಡು. ಅದು ಮೃದುವಾಗಿ, ಗುಂಡನ್ನು ಸುತ್ತಿಕೊಳ್ಳುವಷ್ಟು ತೆಳುವಾಗಿರಲಿ. ಸೈಕಲ್ ಟ್ಯೂಬಿನ ರಬ್ಬರ್ ಕಟ್ಟಬೇಡಿ. ಅದು ಎಳೆಯಲು ಬಿಗಿ, ಬಿಟ್ಟಾಗ ನಿಧಾನ. ಅದರ ಜೊತೆ ಗುದ್ದಾಡುತ್ತಾ ಕೈ ನಡುಗುತ್ತದೆ.

## 2. ಗುಂಡು ನಿಲ್ಲುವ ಪೆಟ್ಟಿಗೆ ಕಟ್ಟಿ

ಹೆಚ್ಚು ಜನ ಬಿಟ್ಟುಬಿಡುವ ಹಂತ ಇದು. ನನ್ನ ಪ್ರಕಾರ ಕವಣೆಗಿಂತ ಮೊದಲು ತಯಾರಾಗಬೇಕಾದದ್ದು ಇದೇ.

ಸುಮಾರು 50 ಸೆಂಟಿಮೀಟರ್ ಅಗಲ, ಅಷ್ಟೇ ಎತ್ತರ, 30 ಸೆಂಟಿಮೀಟರಿಗಿಂತ ಜಾಸ್ತಿ ಆಳ ಇರುವ ದಪ್ಪ ರಟ್ಟಿನ ಪೆಟ್ಟಿಗೆ ತೆಗೆದುಕೊಳ್ಳಿ. ಒಂದು ಬದಿ ಪೂರ್ತಿ ತೆರೆದಿರಲಿ. ಒಳಗೆ ಮೇಲ್ಗಡೆ ಒಂದು ಕೋಲು ಅಡ್ಡ ಹಾಕಿ. ಅದಕ್ಕೆ ಹಳೆ ಟವೆಲ್, ದಪ್ಪ ಟೀ ಶರ್ಟ್ ಅಥವಾ ಕಂಬಳಿಯ ತುಂಡನ್ನು ಎರಡು ಪದರವಾಗಿ ಇಳಿಬಿಡಿ. ಎರಡು ಪದರದ ನಡುವೆ ನಾಲ್ಕು ಬೆರಳಿನಷ್ಟು ಜಾಗ ಬಿಡಿ. ಹಿಂದಿನ ಪದರಕ್ಕೂ ಪೆಟ್ಟಿಗೆಯ ಹಿಂಬದಿಗೂ ಅಷ್ಟೇ ಜಾಗ ಇರಲಿ.

ಬಟ್ಟೆಯ ಕೆಳಗಿನ ಅಂಚನ್ನು ಕಟ್ಟಬಾರದು. ಅದು ಸಡಿಲವಾಗಿ ತೂಗುತ್ತಿರಬೇಕು. ಗುಂಡು ಬಡಿದಾಗ ಬಟ್ಟೆ ಅದರ ಜೊತೆಯೇ ಹಿಂದೆ ಹೋಗುತ್ತದೆ, ಹಾಗೆ ಹೋಗುತ್ತಾ ವೇಗವನ್ನು ನುಂಗುತ್ತದೆ. ಗುಂಡು ಕೆಳಗೆ ಬೀಳುತ್ತದೆ. ಬಟ್ಟೆಯನ್ನು ನಾಲ್ಕೂ ಕಡೆ ಬಿಗಿದರೆ ಅದು ಡೋಲಿನ ಚರ್ಮದ ಹಾಗೆ ಗುಂಡನ್ನು ವಾಪಸ್ ಎಸೆಯುತ್ತದೆ. ಪೆಟ್ಟಿಗೆ ಕಟ್ಟಿಕೊಂಡೂ ಏಟು ತಿನ್ನುವವರ ಕತೆ ಸಾಮಾನ್ಯವಾಗಿ ಇದೇ.

ಪೆಟ್ಟಿಗೆಯ ತಳದಲ್ಲೂ ಒಂದು ಬಟ್ಟೆ ಹಾಸಿ. ಮುಂದಿನ ಅಂಚಿಗೆ ಒಂದು ಗೇಣು ಎತ್ತರದ ರಟ್ಟು ಅಂಟಿಸಿದರೆ ಬಿದ್ದ ಗುಂಡು ಹೊರಗೆ ಉರುಳುವುದಿಲ್ಲ. ಗುರಿಯಾಗಿ ಕಾಗದದ ಬಿಲ್ಲೆಯನ್ನೋ ಖಾಲಿ ಡಬ್ಬಿಯನ್ನೋ ದಾರ ಕಟ್ಟಿ, ಬಟ್ಟೆಯ ಮುಂದೆ ತೂಗಿಬಿಡಿ. ಗಾಜು, ಕಲ್ಲು, ದಪ್ಪ ಕಬ್ಬಿಣ ಗುರಿಯಾಗಬಾರದು.

ಪೆಟ್ಟಿಗೆಯ ಹಿಂದೆ ಇನ್ನೊಂದು ತಡೆ ಬೇಕು. ಏಕೆಂದರೆ ಮೊದಮೊದಲು ಪೆಟ್ಟಿಗೆಯೇ ತಪ್ಪುತ್ತದೆ. ಮೇಲಿನಿಂದ ಸಡಿಲವಾಗಿ ಇಳಿಬಿಟ್ಟ ದೊಡ್ಡ ಕಂಬಳಿ ಸಾಕು. ಬಯಲಾದರೆ ಮೆತ್ತನೆ ಮಣ್ಣಿನ ದಿಬ್ಬ ಒಳ್ಳೆಯದು. ಬರೀ ಗೋಡೆ ತಡೆ ಅಲ್ಲ. ಮರದ ಕಾಂಡವೂ ಅಲ್ಲ, ಅದರ ಮೇಲೆ ಓರೆಯಾಗಿ ಬಡಿದ ಗುಂಡು ಯಾವ ಕಡೆಗೆ ತಿರುಗುತ್ತದೆ ಎಂದು ಹೇಳಲಾಗದು. ನೀರಿನ ಮೇಲೂ ಹೊಡೆಯಬೇಡಿ. ತಗ್ಗಿನ ಕೋನದಲ್ಲಿ ಬಿದ್ದ ಗುಂಡು ನೀರಲ್ಲಿ ಮುಳುಗದೆ ಜಿಗಿದು ದಡ ದಾಟುತ್ತದೆ.

## 3. ಜಾಗ ನೋಡಿ, ಗೆರೆ ಎಳೆಯಿರಿ

ಪೆಟ್ಟಿಗೆಯಿಂದ 5 ಮೀಟರ್ ದೂರದಲ್ಲಿ ನೆಲದ ಮೇಲೆ ಒಂದು ಗೆರೆ ಹಾಕಿ. ನೀವು ನಿಲ್ಲುವುದು ಅಲ್ಲಿ. ಗೆರೆಯ ಮುಂದೆ ಯಾರೂ ಇರಬಾರದು.

ಈಗ ಗೆರೆಯ ಮೇಲೆ ನಿಂತು, ಕವಣೆ ಇಲ್ಲದೆ, ಪೆಟ್ಟಿಗೆಯ ಆಚೆ ಏನಿದೆ ನೋಡಿ. ಕಿಟಕಿ, ಕಾಲುದಾರಿ, ನಿಲ್ಲಿಸಿದ ವಾಹನ, ಬಟ್ಟೆ ಒಣಗಿಸಲು ಯಾರಾದರೂ ಬರುವ ಜಾಗ? ಮೇಲಕ್ಕೆ ಕೋನ ಕೊಟ್ಟು ಬಿಟ್ಟ ಉಕ್ಕಿನ ಗುಂಡು ನೂರು ಮೀಟರ್ ದಾಟುವುದು ಕಷ್ಟವಲ್ಲ. ನಿಮಗೆ ಕಾಣದ ಜಾಗದಲ್ಲಿ ಅದು ಇಳಿಯುತ್ತದೆ. ಗಿಡಗಂಟಿಯ ಮರೆ ಇದ್ದರೆ ಅದರ ಹಿಂದೆ ಯಾರೋ ಇದ್ದಾರೆ ಎಂದೇ ಭಾವಿಸಿ.

ಬಾಗಿಲಿಗೆ ಬೆನ್ನು ಹಾಕಿ ನಿಲ್ಲಿ. ಬಾಗಿಲು ಪೆಟ್ಟಿಗೆಯ ಪಕ್ಕದಲ್ಲಿದ್ದರೆ ಒಳಗಿನಿಂದ ಚಿಲಕ ಹಾಕಿ, ಇಲ್ಲವೇ ಬೇರೆ ಜಾಗ ನೋಡಿ.

## 4. ರಬ್ಬರ್ ಅಳೆದು ಕಟ್ಟಿ

ಕಣ್ಣಂದಾಜಿಗೆ ಕಟ್ಟಿದ ರಬ್ಬರೇ ಅರ್ಧ ತೊಂದರೆಗಳ ಮೂಲ. ಲೆಕ್ಕ ಕಷ್ಟದ್ದಲ್ಲ.

ಕವಣೆ ಹಿಡಿಯುವ ಕೈಯನ್ನು ಮುಂದಕ್ಕೆ ಚಾಚಿ. ಕವೆಯ ತುದಿಯಿಂದ ನಿಮ್ಮ ಕೆನ್ನೆಯ ಮೂಳೆಯವರೆಗೆ ಎಷ್ಟು ದೂರ ಎಂದು ಯಾರಿಂದಲಾದರೂ ಅಳೆಸಿ. ಅದು 80 ಸೆಂಟಿಮೀಟರ್ ಬಂತು ಅಂದುಕೊಳ್ಳಿ. ಒಳ್ಳೆಯ ಲ್ಯಾಟೆಕ್ಸ್ ತನ್ನ ಉದ್ದದ 5 ಪಟ್ಟು ಹಿಗ್ಗುತ್ತದೆ. ಆದರೆ ಕಲಿಯುವವರು ಅಷ್ಟು ಹಿಗ್ಗಿಸಬೇಕಿಲ್ಲ, 4 ಪಟ್ಟು ಸಾಕು. 80ನ್ನು 4ರಿಂದ ಭಾಗಿಸಿ: 20 ಸೆಂಟಿಮೀಟರ್. ಕವೆಯ ಗಂಟಿನಿಂದ ತೊಗಲಿನ ಗಂಟಿನವರೆಗೆ ಇರಬೇಕಾದ ರಬ್ಬರಿನ ಉದ್ದ ಇಷ್ಟು. ಎರಡೂ ತುದಿಯಲ್ಲಿ ಕಟ್ಟಲು ಎರಡೆರಡು ಸೆಂಟಿಮೀಟರ್ ಸೇರಿಸಿ 24ಕ್ಕೆ ಕತ್ತರಿಸಿ. ವೇಗ ಸ್ವಲ್ಪ ಕಡಿಮೆಯಾಗುತ್ತದೆ, ರಬ್ಬರ್ ಜಾಸ್ತಿ ದಿನ ಬರುತ್ತದೆ, ಕೈ ನಡುಗುವುದಿಲ್ಲ.

ಅಗಲ ಕವೆಯ ಕಡೆ 20 ಮಿಲಿಮೀಟರ್, ತೊಗಲಿನ ಕಡೆ 15. ಕತ್ತರಿ ಬೇಡ. ಅದರ ಪ್ರತಿ ಕಚ್ಚಿಗೂ ಅಂಚಿನಲ್ಲಿ ಒಂದು ಸಣ್ಣ ಮೆಟ್ಟಿಲು ಬೀಳುತ್ತದೆ, ರಬ್ಬರ್ ಅಲ್ಲಿಂದಲೇ ಹರಿಯಲು ಶುರುವಾಗುತ್ತದೆ. ಸ್ಟೀಲ್ ಸ್ಕೇಲ್ ಇಟ್ಟು, ಹರಿತವಾದ ಉರುಳುವ ಬ್ಲೇಡಿನಿಂದ ಒಂದೇ ಎಳೆತಕ್ಕೆ ಕತ್ತರಿಸಿ.

ಕಟ್ಟಲು ತೆಳು ರಬ್ಬರಿನ ಪಟ್ಟಿ ಅಥವಾ ಮೇಣ ಸವರಿದ ಹತ್ತಿ ದಾರ ಬಳಸಿ. ತಂತಿ ಬೇಡ, ಅದು ರಬ್ಬರನ್ನು ಕೊಯ್ಯುತ್ತದೆ. ಕವೆಯ ಅಂಚು ಹರಿತವಾಗಿದ್ದರೆ ಮೊದಲೇ ಉಪ್ಪುಕಾಗದದಿಂದ ಉಜ್ಜಿ ದುಂಡಗೆ ಮಾಡಿ.

ಕಟ್ಟಿದ ಮೇಲೆ ಒಂದು ಪರೀಕ್ಷೆ. ತೊಗಲನ್ನು ಮಧ್ಯಕ್ಕೆ ಮಡಚಿ ಹಿಡಿದು, ಎರಡು ಪಟ್ಟಿಯನ್ನೂ ಬಿಗಿಯಾಗುವಷ್ಟು ಮಾತ್ರ ಎಳೆಯಿರಿ. ಮಡಿಕೆ ಕವೆಯ ನಟ್ಟನಡುವೆ ಬರಬೇಕು. ಒಂದು ಕಡೆ ವಾಲಿದರೆ ಪಟ್ಟಿಗಳ ಉದ್ದ ಒಂದೇ ಇಲ್ಲ. ಬಿಚ್ಚಿ ಮತ್ತೆ ಕಟ್ಟಿ. ಎರಡು ಮಿಲಿಮೀಟರ್ ತಾನೇ ಅಂತ ಬಿಟ್ಟರೆ ಬಿಗಿಯಾದ ಕಡೆ ಗುಂಡನ್ನು ಎಳೆದುಕೊಳ್ಳುತ್ತದೆ, ಗುಂಡು ಕವಲಿಗೆ ಬಡಿಯುತ್ತದೆ. ಕವಲಿನ ಪಕ್ಕದಲ್ಲೇ ನಿಮ್ಮ ಬೆರಳು ಇರುತ್ತದೆ, ಅಲ್ವಾ?

## 5. ಪ್ರತಿ ಸಲ ಶುರು ಮಾಡುವ ಮೊದಲು ರಬ್ಬರ್ ನೋಡಿ

ರಬ್ಬರ್ ಯಾವತ್ತಾದರೂ ಹರಿಯಲೇಬೇಕು. ಅದು ಎಲ್ಲಿ ಹರಿಯುತ್ತದೆ ಎನ್ನುವುದರ ಮೇಲೆ ಪೆಟ್ಟು ಯಾರಿಗೆ ಎನ್ನುವುದು ನಿಂತಿದೆ. ತೊಗಲಿನ ಹತ್ತಿರ ಹರಿದರೆ ತುಂಡು ಮುಂದಕ್ಕೆ ಹೋಗಿ ಕವಣೆ ಹಿಡಿದ ಕೈಗೆ ಬಡಿಯುತ್ತದೆ. ಕವೆಯ ಹತ್ತಿರ ಹರಿದರೆ ಪೂರ್ತಿ ಪಟ್ಟಿ ಹಿಂದಕ್ಕೆ, ನಿಮ್ಮ ಮುಖದ ಕಡೆಗೆ ಬರುತ್ತದೆ. ಹಾಗಾಗಿ ಕವೆಯ ಗಂಟಿನ ಸುತ್ತ ಎರಡು ಸಲ ನೋಡಿ.

ಕನ್ನಡಕ ಹಾಕಿಕೊಂಡು, ಮುಖದಿಂದ ದೂರ ಹಿಡಿದು, ಪಟ್ಟಿಯನ್ನು ಸ್ವಲ್ಪ ಸ್ವಲ್ಪವೇ ಹಿಗ್ಗಿಸಿ ಬೆಳಕಿಗೆ ಒಡ್ಡಿ. ಈ ಕೆಳಗಿನ ಯಾವುದಾದರೂ ಒಂದು ಕಂಡರೆ ಆ ಪಟ್ಟಿಯ ಕೆಲಸ ಮುಗಿಯಿತು:

- ಅಂಚಿನಲ್ಲಿ ಸಣ್ಣ ಸೀಳು
- ಸೂಜಿಮೊನೆಯಷ್ಟು ತೂತು
- ಗಂಟಿನ ಪಕ್ಕ ತೆಳುವಾಗಿ ಬಣ್ಣ ಬದಲಾದ ಜಾಗ
- ಮುಟ್ಟಿದರೆ ಅಂಟು ಅಂಟು, ಅಥವಾ ಪುಡಿ ಉದುರುವಷ್ಟು ಒಣಕಲು

ಹರಿದ ಪಟ್ಟಿಗೆ ಗಂಟು ಹಾಕಿ ಮುಂದುವರಿಸುವುದು ಬೇಡ. ಒಂದು ಪಟ್ಟಿ ಹೋದರೆ ಎರಡನ್ನೂ ಬದಲಿಸಿ. ಹೊಸದೊಂದು ಹಳೆಯದೊಂದು ಸೇರಿದರೆ ಎಳೆತ ಸಮ ಬರುವುದಿಲ್ಲ, ಮತ್ತೆ ಕವಲಿಗೆ ಬಡಿತ.

ತೊಗಲಿನ ತೂತುಗಳನ್ನೂ ನೋಡಿ. ತೂತು ಉದ್ದಕ್ಕೆ ಎಳೆದುಕೊಂಡು ಅಂಚಿಗೆ ಹತ್ತಿರವಾಗಿದ್ದರೆ ತೊಗಲು ಬದಲಿಸುವ ಕಾಲ ಬಂದಿದೆ.

## 6. ಹಿಡಿಯಿರಿ, ಎಳೆಯಿರಿ, ಬಿಡದೆ ವಾಪಸ್ ತನ್ನಿ

ಗುಂಡು ಬಿಡುವುದನ್ನು ಕಲಿಯುವ ಮೊದಲು ಬಿಡದಿರುವುದನ್ನು ಕಲಿಯಬೇಕು. ಎಳೆದಾದ ಮೇಲೆ ಯಾರೋ ಅಡ್ಡ ಬಂದರೆ ಏನು ಮಾಡಬೇಕು ಎಂದು ಕೈಗೆ ಮೊದಲೇ ಗೊತ್ತಿರಬೇಕು.

ಬಲಗೈಯವರು ಕವಣೆಯನ್ನು ಎಡಗೈಯಲ್ಲಿ ಹಿಡಿಯಿರಿ. ಹಿಡಿಯನ್ನು ಸುತ್ತಿಗೆ ಹಿಡಿದ ಹಾಗೆ ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದರೆ ಬೆರಳುಗಳೆಲ್ಲ ಕೆಳಗೇ ಉಳಿಯುತ್ತವೆ. ಹೊಸಬರಿಗೆ ಇದೇ ಸರಿ. ಪಳಗಿದವರು ಹೆಬ್ಬೆರಳು ಮತ್ತು ತೋರುಬೆರಳನ್ನು ಎರಡು ಕವಲಿಗೆ ಆನಿಸಿ ಹಿಡಿಯುತ್ತಾರೆ. ಅದು ಜಾಸ್ತಿ ಅಲುಗಾಡುವುದಿಲ್ಲ ನಿಜ, ಆದರೆ ಬೆರಳಿನ ತುದಿ ಕವಲಿನ ತುದಿಗಿಂತ ಮೇಲೆ ಬಂದರೆ ಉಗುರು ಹೋಗುತ್ತದೆ. ಅದನ್ನು ಆಮೇಲೆ ನೋಡಿಕೊಳ್ಳಿ.

ಪೆಟ್ಟಿಗೆಗೆ ಪಕ್ಕ ಕೊಟ್ಟು ನಿಲ್ಲಿ. ಕಾಲುಗಳು ಭುಜದಷ್ಟು ಅಗಲ. ಕವಣೆಯ ಕೈ ಪೂರ್ತಿ ಚಾಚಿರಲಿ.

ಗುಂಡನ್ನು ತೊಗಲಿನ ನಡುವೆ ಇಡಿ. ಹೆಬ್ಬೆರಳು ಮತ್ತು ತೋರುಬೆರಳಿನ ಮಧ್ಯೆ ಗುಂಡನ್ನೇ ಹಿಡಿಯಬೇಕು. ಗುಂಡಿನ ಹಿಂದಿರುವ ಖಾಲಿ ತೊಗಲನ್ನು ಹಿಡಿದರೆ ಗುಂಡು ಒಳಗೆ ಜಾರುತ್ತದೆ. ಜಾರಿದ ಗುಂಡು ನೇರ ಹೋಗುವುದಿಲ್ಲ.

ಕವೆಯನ್ನು ಅಡ್ಡ ಮಲಗಿಸಿ, ಪಟ್ಟಿಗಳು ಒಂದರ ಕೆಳಗೊಂದು ಬರುವ ಹಾಗೆ. ಈಗ ಕವಣೆ ಪೆಟ್ಟಿಗೆಯ ಕಡೆಗೇ ಇರುವಂತೆ ನಿಧಾನವಾಗಿ ಎಳೆಯಿರಿ. ಬೆರಳಿನ ಗೆಣ್ಣು ಕೆನ್ನೆಯ ಮೂಳೆಗೆ, ಕಣ್ಣಿನ ಕೆಳಗೆ ಬಂದು ತಾಗಬೇಕು. ಪ್ರತಿ ಸಲವೂ ಅದೇ ಜಾಗ. ಒಮ್ಮೆ ಕೆನ್ನೆ, ಒಮ್ಮೆ ಗಲ್ಲ, ಒಮ್ಮೆ ಕಿವಿ ಅಂತಾದರೆ ಗುರಿ ಸಿಗುವ ಮಾತೇ ಇಲ್ಲ.

ಕೊನೆಯ ಕೆಲವು ಸೆಂಟಿಮೀಟರಿನಲ್ಲಿ ರಬ್ಬರ್ ಇದ್ದಕ್ಕಿದ್ದಂತೆ ಕಲ್ಲಿನ ಹಾಗೆ ಗಟ್ಟಿಯಾದರೆ ನಿಲ್ಲಿಸಿ. ಪಟ್ಟಿ ಗಿಡ್ಡವಾಗಿದೆ, ಹರಿಯುವ ಹಂತಕ್ಕೆ ಬಂದಿದೆ. 4ನೇ ಹಂತಕ್ಕೆ ಹೋಗಿ ಮತ್ತೆ ಅಳೆಯಿರಿ.

ಈಗ ವಾಪಸ್ ತನ್ನಿ. ಕವಣೆ ಪೆಟ್ಟಿಗೆಯ ಕಡೆಗೇ ಇರಲಿ, ಗುಂಡಿನ ಮೇಲಿನ ಹಿಡಿತ ಸಡಿಲಿಸದೆ ಎಳೆದ ಕೈಯನ್ನು ಮುಂದಕ್ಕೆ ಒಯ್ಯಿರಿ. ರಬ್ಬರ್ ಪೂರ್ತಿ ಜೋತುಬಿದ್ದ ಮೇಲೆ ಗುಂಡು ತೆಗೆಯಿರಿ. ಇದನ್ನು ಯೋಚಿಸದೆ ಮಾಡುವಷ್ಟು ಸಲ ಮಾಡಿ. ಬೇಜಾರಾಗುತ್ತದೆ, ಗೊತ್ತು.

ಖಾಲಿ ತೊಗಲನ್ನು ಎಳೆದು ಸುಮ್ನೆ ಬಿಡುವುದು ಮಾತ್ರ ಯಾವತ್ತೂ ಬೇಡ. ಗುಂಡು ಹೊತ್ತೊಯ್ಯಬೇಕಾದ ಬಲವೆಲ್ಲ ರಬ್ಬರಿನಲ್ಲೇ ಉಳಿದು, ಪಟ್ಟಿ ತಿರುಗಿ ಬಂದು ಕೈಗೋ ಮುಖಕ್ಕೋ ಹೊಡೆಯುತ್ತದೆ. ಅಂಗಡಿಯಲ್ಲಿ ಕವಣೆ ನೋಡುವಾಗ ಎಲ್ಲರೂ ಮಾಡುವುದು ಇದನ್ನೇ.

## 7. ಬಿಡಿ

ಬಿಡುವ ಮುಂಚೆ ಒಂದು ಉಸಿರಿನಷ್ಟು ಹೊತ್ತಿನಲ್ಲಿ ಮೂರು ವಿಷಯ: ಮುಂದೆ ಯಾರೂ ಇಲ್ಲ, ಕನ್ನಡಕ ಇದೆ, ತೊಗಲು ತಿರುಚಿಲ್ಲ.

ಎಳೆದು, ಕೆನ್ನೆಗೆ ತಂದು, ಮೇಲಿನ ಪಟ್ಟಿಯ ಉದ್ದಕ್ಕೂ ಕಣ್ಣು ಹಾಯಿಸಿ. ಮೇಲಿನ ಕವಲಿನ ತುದಿ ಗುರಿಯ ಮೇಲೆ ಬರಲಿ. ಎರಡು ಮೂರು ಸೆಕೆಂಡಿನೊಳಗೆ ಬಿಡಿ. ಅದಕ್ಕಿಂತ ಹೊತ್ತು ಹಿಡಿದರೆ ಕೈ ನಡುಗುತ್ತದೆ, ರಬ್ಬರಿನ ಜೋರೂ ಕಡಿಮೆಯಾಗುತ್ತದೆ. ಆಗ ಬಿಡಬೇಡಿ, ವಾಪಸ್ ತಂದು ಮತ್ತೆ ಶುರು ಮಾಡಿ.

ಬಿಡುವುದು ಅಂದರೆ ಎರಡು ಬೆರಳು ಒಟ್ಟಿಗೆ ತೆರೆದುಕೊಳ್ಳುವುದು, ಅಷ್ಟೇ. ಕೈಯನ್ನು ಮುಂದಕ್ಕೆ ಕೊಡಬೇಡಿ, ಪಕ್ಕಕ್ಕೆ ಚಿಮ್ಮಿಸಬೇಡಿ. ಒಂದು ಬೆರಳು ಮೊದಲು ತೆರೆದರೆ ತೊಗಲು ತಿರುಗುತ್ತದೆ, ಗುಂಡು ಕವಲಿನ ಕಡೆಗೆ ಹೊರಳುತ್ತದೆ. ಗುಂಡು ಬಟ್ಟೆಗೆ ಬಡಿದ ಸದ್ದು ಕೇಳುವವರೆಗೆ ಎರಡೂ ಕೈ ಇದ್ದಲ್ಲೇ ಇರಲಿ. ಗುರಿ ತಾಗಿತೋ ಇಲ್ಲವೋ ನೋಡುವ ಆತುರಕ್ಕೆ ಕವಣೆ ಕೆಳಗೆ ಇಳಿಸುವವರೇ ಜಾಸ್ತಿ. ಗುಂಡು ಹೊರಡುವ ಮೊದಲೇ ಕೈ ಇಳಿದಿರುತ್ತದೆ.

ಮೊದಲ ಕೆಲವು ಗುಂಡುಗಳನ್ನು ಅರ್ಧ ಎಳೆತದಲ್ಲೇ ಬಿಡಿ. ಹೊಸ ರಬ್ಬರ್ ಕಟ್ಟಿದಾಗಲೂ ಹೀಗೇ.

## 8. ತಪ್ಪುಗಳನ್ನು ಗುರುತಿಸಿ

ಕವಲಿಗೆ ಟಣ್ ಎಂದು ಬಡಿಯಿತು. ತಕ್ಷಣ ನಿಲ್ಲಿಸಿ. ಕವಲಿನಲ್ಲಿ ಗುರುತು ಎಲ್ಲಿ ಬಿದ್ದಿದೆ ನೋಡಿ. ಯಾವಾಗಲೂ ಒಂದೇ ಕವಲಿಗೆ ಬಡಿಯುತ್ತಿದ್ದರೆ ಪಟ್ಟಿಯ ಉದ್ದ ಸಮ ಇಲ್ಲ, ಅಥವಾ ತೊಗಲಿನ ತೂತು ನಡುವಿನಿಂದ ಸರಿದಿದೆ. ಒಮ್ಮೆ ಆ ಕಡೆ ಒಮ್ಮೆ ಈ ಕಡೆ ಆದರೆ ತಪ್ಪು ನಿಮ್ಮ ಬೆರಳಿನದು. ಮರದ ಅಥವಾ ಪ್ಲಾಸ್ಟಿಕ್ ಕವೆಯಾದರೆ ಬಡಿದ ಜಾಗದಲ್ಲಿ ಬಿರುಕಿದೆಯೇ ಎಂದು ಉಗುರಿನಿಂದ ಸವರಿ ನೋಡದೆ ಮುಂದಿನ ಗುಂಡು ಹಾಕಬೇಡಿ.

ಕವಣೆ ಹಿಡಿದ ಕೈಗೆ ರಬ್ಬರ್ ಚಟೀರೆಂದು ಹೊಡೆಯುತ್ತಿದೆ. ಗುಂಡು ತೀರಾ ಹಗುರ, ಇಲ್ಲವೇ ರಬ್ಬರ್ ತೀರಾ ಬಲ. ಗುಂಡನ್ನು 9.5 ಮಿಲಿಮೀಟರಿಗೆ ಏರಿಸಿ, ಅದು ಸುಮಾರು 3.5 ಗ್ರಾಂ ತೂಗುತ್ತದೆ. ಆದರೆ ಹೊಸಬರಿಗೆ ಪಟ್ಟಿಯ ಅಗಲ ಕಡಿಮೆ ಮಾಡುವುದೇ ಮೇಲು. ಕೈಗವಸು ಹಾಕಿ ಸಹಿಸಿಕೊಳ್ಳುವುದು ಪರಿಹಾರ ಅಲ್ಲ.

ಗುಂಡು ಪೆಟ್ಟಿಗೆಯಿಂದ ಹೊರಗೆ ಪುಟಿಯುತ್ತಿದೆ. ಬಟ್ಟೆ ಒಂದೇ ಜಾಗದಲ್ಲಿ ಸವೆದು ತೂತಾಗಿದೆ, ಅಥವಾ ಹಿಂಬದಿಗೆ ತಾಗುತ್ತಿದೆ. ಬಟ್ಟೆಯನ್ನು ಪಕ್ಕಕ್ಕೆ ಸರಿಸಿ ಹೊಸ ಜಾಗ ಕೊಡಿ.

ಗುಂಡುಗಳೆಲ್ಲ ಗುರಿಯ ಎಡಕ್ಕೋ ಕೆಳಕ್ಕೋ ಒಂದೇ ಕಡೆ ಬೀಳುತ್ತಿವೆ. ಇದು ಒಳ್ಳೆಯ ಸುದ್ದಿ. ನಿಮ್ಮ ಕೈ ಸರಿಯಾಗಿದೆ, ನೋಟ ಮಾತ್ರ ಸ್ವಲ್ಪ ಬದಲಿಸಿದರೆ ಸಾಕು. ಚೆಲ್ಲಾಪಿಲ್ಲಿಯಾಗಿ ಬಿದ್ದರೆ ಕೆನ್ನೆಗೆ ತಾಗುವ ಜಾಗ ಪ್ರತಿ ಸಲ ಬದಲಾಗುತ್ತಿದೆ.

## 9. ದೂರ ಹೆಚ್ಚಿಸುವುದು

ಸತತ 10 ಗುಂಡು ಪೆಟ್ಟಿಗೆಯೊಳಗೆ ಬೀಳುವವರೆಗೆ 5 ಮೀಟರ್ ಬಿಟ್ಟು ಹಿಂದೆ ಸರಿಯಬೇಡಿ. ಗುರಿ ತಾಗಿದ್ದರ ಲೆಕ್ಕ ಅಲ್ಲ, ಪೆಟ್ಟಿಗೆಯೊಳಗೆ ಬಿದ್ದದ್ದರ ಲೆಕ್ಕ. ಗುರಿ ತಪ್ಪಿದರೆ ಯಾರಿಗೂ ನಷ್ಟವಿಲ್ಲ. ಆಮೇಲೆ 7 ಮೀಟರ್, ಆಮೇಲೆ 10. ಒಂದು ಗುಂಡು ಪೆಟ್ಟಿಗೆ ತಪ್ಪಿಸಿತು ಅಂದರೆ ಮತ್ತೆ ಮುಂದಕ್ಕೆ ಬನ್ನಿ. ಕೈ ಸೋತಾಗ ಇದು ಆಗೇ ಆಗುತ್ತದೆ, ಅವತ್ತಿಗೆ ಅಲ್ಲಿಗೇ ನಿಲ್ಲಿಸಿದರೂ ಸರಿ.

ದೂರ ಹೆಚ್ಚಿತು ಎಂದು ರಬ್ಬರ್ ದಪ್ಪ ಮಾಡಬೇಕಿಲ್ಲ. 10 ಮೀಟರಿಗೆ ಇದೇ ಪಟ್ಟಿ ಧಾರಾಳವಾಗಿ ಸಾಕು.

## 10. ಜೊತೆಯಲ್ಲಿ ಬೇರೆಯವರಿದ್ದರೆ

ನೋಡುವವರಿಗೂ ಕನ್ನಡಕ ಕಡ್ಡಾಯ. ಅವರು ನಿಮ್ಮ ಹಿಂದೆ ನಿಲ್ಲಬೇಕು, ಪಕ್ಕದಲ್ಲಲ್ಲ. ಫೋನಿನಲ್ಲಿ ವಿಡಿಯೊ ಮಾಡಲು ಪೆಟ್ಟಿಗೆಯ ಪಕ್ಕ ಹೋಗಿ ಕೂರುವವರು ಇರುತ್ತಾರೆ. ಎಷ್ಟೇ ಬೇಡಿಕೊಂಡರೂ ಬಿಡಬೇಡಿ. ಫೋನನ್ನು ಅಲ್ಲಿ ಇಟ್ಟು ಮನುಷ್ಯ ಹಿಂದೆ ಬರಲಿ.

ಇಬ್ಬರು ಹೊಡೆಯುವುದಾದರೆ ಒಬ್ಬರಾದ ಮೇಲೆ ಒಬ್ಬರು. ಯಾರು "ನಿಲ್ಲಿ" ಅಂದರೂ ಎಲ್ಲರೂ ನಿಲ್ಲಬೇಕು, ಕಾರಣ ಆಮೇಲೆ ಕೇಳಬಹುದು. ಗುಂಡು ಹೆಕ್ಕಲು ಹೋಗುವಾಗ ಎಲ್ಲ ಕವಣೆಗಳೂ ನೆಲದ ಮೇಲೆ ಇರಬೇಕು. ಕೈಯಲ್ಲಿ ಅಲ್ಲ, ಜೇಬಿನಲ್ಲೂ ಅಲ್ಲ.

ಮಕ್ಕಳ ವಿಷಯದಲ್ಲಿ ವಯಸ್ಸಿಗಿಂತ ಮುಖ್ಯವಾದ ಪ್ರಶ್ನೆ ಒಂದಿದೆ: "ನಿಲ್ಲು" ಅಂದಾಗ ಆ ಮಗು ನಿಲ್ಲುತ್ತದೆಯೇ? ಇಲ್ಲ ಅಂದರೆ ಇನ್ನೂ ಕಾಲ ಬಂದಿಲ್ಲ. ನಿಲ್ಲುವ ಮಗುವಿಗೆ ತೆಳು ಪಟ್ಟಿ ಕಟ್ಟಿ, ಮೆತ್ತನೆ ಸ್ಪಂಜಿನ ಉಂಡೆ ಕೊಡಿ. ಒಂದು ಮಗುವಿಗೆ ಒಬ್ಬ ದೊಡ್ಡವರು, ಕೈಗೆ ಸಿಗುವಷ್ಟು ಹತ್ತಿರ. ಮಗುವಿನ ತೋಳಿನ ಉದ್ದಕ್ಕೆ ಪಟ್ಟಿಯನ್ನು ಬೇರೆಯಾಗಿಯೇ ಅಳೆಯಬೇಕು.

ಹಕ್ಕಿ, ಅಳಿಲು, ನಾಯಿ, ಬೆಕ್ಕು ಗುರಿಯಲ್ಲ. "ಸುಮ್ನೆ ಹೆದರಿಸೋಕೆ" ಎನ್ನುವ ಮಾತನ್ನು ನಾನು ಒಪ್ಪುವುದಿಲ್ಲ. ಹೆದರಿಸಲು ಬಿಟ್ಟ ಗುಂಡು ರೆಕ್ಕೆಯ ಮೂಳೆ ಮುರಿದರೆ ಆ ಹಕ್ಕಿ ಎಲ್ಲೋ ಪೊದೆಯಲ್ಲಿ ದಿನಗಟ್ಟಲೆ ನರಳಿ ಸಾಯುತ್ತದೆ. ಬಹಳ ಕಡೆ ಇದು ಶಿಕ್ಷೆಯಾಗುವ ಅಪರಾಧವೂ ಹೌದು.

## 11. ಮುಗಿಸಿ ಎತ್ತಿಡುವುದು

ಗುಂಡುಗಳನ್ನು ಎಣಿಸಿ ಹೆಕ್ಕಿ. ಹುಲ್ಲಿನಲ್ಲಿ ಉಳಿದ ಉಕ್ಕಿನ ಗುಂಡು ಹುಲ್ಲು ಕತ್ತರಿಸುವ ಯಂತ್ರಕ್ಕೆ ಸಿಕ್ಕರೆ ಮತ್ತೊಮ್ಮೆ ಹಾರುತ್ತದೆ. ಪುಟ್ಟ ಮಕ್ಕಳು ಬಾಯಿಗೆ ಹಾಕಿಕೊಳ್ಳಲೂಬಹುದು.

ಲ್ಯಾಟೆಕ್ಸಿಗೆ ಬಿಸಿಲು, ಬಿಸಿ, ಎಣ್ಣೆ ಈ ಮೂರೂ ಆಗುವುದಿಲ್ಲ. ವಾಹನದ ಒಳಗೆ ಬಿಟ್ಟುಬಂದ ಕವಣೆಯ ರಬ್ಬರನ್ನು ಬದಲಿಸದೆ ಬಳಸಬೇಡಿ. ಪಟ್ಟಿಗೆ ಸ್ವಲ್ಪ ಟಾಲ್ಕಂ ಪೌಡರ್ ಸವರಿ, ಹಿಗ್ಗಿಸದೆ, ತಂಪಾದ ಕತ್ತಲೆ ಜಾಗದಲ್ಲಿ ಇಡಿ. ಗುಂಡುಗಳ ಡಬ್ಬಿ ಬೇರೆ ಕಡೆ ಇರಲಿ, ಮಕ್ಕಳ ಕೈಗೆ ಎರಡೂ ಒಟ್ಟಿಗೆ ಸಿಗಬಾರದು.

## 12. ಏಟು ಬಿದ್ದರೆ

ಬೆರಳಿಗೆ ಬಿದ್ದ ಏಟಿಗೆ ತಣ್ಣೀರ ಬಟ್ಟೆ ಇಡಿ, ಇಲ್ಲವೇ ಬಟ್ಟೆಯಲ್ಲಿ ಸುತ್ತಿದ ಐಸ್ ಇಡಿ. ಉಂಗುರ ಇದ್ದರೆ ಊದುವ ಮೊದಲೇ ತೆಗೆಯಿರಿ. ಬೆರಳು ಮಡಚಲಾಗದಿದ್ದರೆ, ಸೊಟ್ಟಗಾಗಿದ್ದರೆ ಅಥವಾ ಜೋಮು ಹಿಡಿದ ಹಾಗಿದ್ದರೆ ಎಕ್ಸ್‌ರೇ ಬೇಕು.

ಕಣ್ಣಿಗೆ ಬಿದ್ದರೆ ನಿಯಮವೇ ಬೇರೆ. ಉಜ್ಜಬೇಡಿ, ಒತ್ತಬೇಡಿ, ಮನೆಯಲ್ಲಿರುವ ಯಾವ ಔಷಧಿಯನ್ನೂ ಹಾಕಬೇಡಿ. ಏನಾದರೂ ಚುಚ್ಚಿಕೊಂಡಿದ್ದರೆ ಕೀಳಲು ಹೋಗಬೇಡಿ. ಕಾಗದದ ಲೋಟದ ತಳಭಾಗವನ್ನು ಕತ್ತರಿಸಿಕೊಂಡು, ಅದನ್ನು ಕಣ್ಣಿಗೆ ತಾಗದಂತೆ ಸುತ್ತಲಿನ ಮೂಳೆಯ ಮೇಲೆ ಕೂರಿಸಿ, ಹಗುರವಾಗಿ ಟೇಪ್ ಹಾಕಿ. ತಕ್ಷಣ ಕಣ್ಣಿನ ವೈದ್ಯರು ಇರುವ ಆಸ್ಪತ್ರೆಗೆ ಹೋಗಿ. ನೋವು ಕಡಿಮೆಯಾಯಿತು, ದೃಷ್ಟಿ ಸರಿಯಾಗೇ ಇದೆ ಅನ್ನಿಸಿದರೂ ಹೋಗಲೇಬೇಕು. ಕಣ್ಣಿನ ಒಳಗೆ ರಕ್ತ ಸೋರುತ್ತಿದ್ದರೆ ಹೊರಗೆ ಕಾಣದೆಯೂ ಇರಬಹುದು. ಬಡಿದದ್ದು ಗುಂಡೋ ರಬ್ಬರೋ, ಗುಂಡಾದರೆ ಯಾವ ಗಾತ್ರದ್ದು, ನೇರ ಬಂದದ್ದೋ ಪುಟಿದು ಬಂದದ್ದೋ ಎಂದು ವೈದ್ಯರಿಗೆ ಹೇಳಿ. ಅಂಥದೇ ಇನ್ನೊಂದು ಗುಂಡು ಜೇಬಿನಲ್ಲಿದ್ದರೆ ತೋರಿಸಿ.